ಒನಕೆ ಎಂಜಿನ್, ಗುಂಡುಕಲ್ಲಿನ ಎಂಜಿನ್

ಭಾನುವಾರ ಬೆಳಗ್ಗೆ ದಾವಣಗೆರೆಯಲ್ಲಿ ಬೆಣ್ಣೆದೋಸೆಗೆ ಕಾಯುತ್ತ ಕೂರುವ ಇಪ್ಪತ್ತು ನಿಮಿಷ ಬಹಳ ಅಪಾಯದ ಹೊತ್ತು. ಹಸಿದ ಮನುಷ್ಯ ಯಾವುದರ ಬಗ್ಗೆ ಬೇಕಾದರೂ ಖಡಾಖಂಡಿತವಾಗಿ ಮಾತಾಡುತ್ತಾನೆ. ನಮ್ಮ ಮೇಜಿನಲ್ಲಿ ಅದು ಹಳೆಯ ಕಾರುಗಳ ಬಗ್ಗೆ. ನಾವು ನಾಲ್ವರು. ನಾಲ್ವರಿಗೂ ಸೇರಿ ಇರುವ ವಾಹನ ಎರಡು ಸ್ಕೂಟರ್.

ನಿವೃತ್ತ ಮೇಷ್ಟರದು ಅಂಬಾಸಿಡರ್ ಪಕ್ಷ. ಅದರ 1489 ಸಿಸಿ ಎಂಜಿನ್ ಸಾಮಾನ್ಯದ್ದಲ್ಲ, ಇಂಗ್ಲೆಂಡಿನ ಎಂಜಿಎ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೆ ಕೂರಿಸಿದ್ದೂ ಅದೇ ಬಿ ಸರಣಿಯ ಎಂಜಿನ್ ಎಂದು ಅವರು ಹೇಳಿದಾಗ, ತಾಲ್ಲೂಕು ಕಚೇರಿಯ ಮುಂದೆ ತೂಕಡಿಸುತ್ತ ನಿಂತಿರುತ್ತಿದ್ದ ಆ ಬಿಳಿ ಕಾರುಗಳ ಮೇಲೆ ನನಗೆ ಹೊಸ ಗೌರವ ಹುಟ್ಟಿತು. ಬಟ್ಟೆ ಅಂಗಡಿಯ ಗೆಳೆಯ ಪ್ರೀಮಿಯರ್ ಪದ್ಮಿನಿ ಕಾರಿನ ಕಡೆಯವನು. 1089 ಸಿಸಿ ಆದರೇನು, ಮೈ ಹಗುರ, ತಿರುವಿನಲ್ಲಿ ಹೇಳಿದ ಮಾತು ಕೇಳುತ್ತದೆ ಎನ್ನುತ್ತಾನೆ. ಎರಡರಲ್ಲೂ ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇದ್ದುದರಿಂದ ಮುಂದಿನ ಸೀಟಿನಲ್ಲಿ ಮೂವರು ಕೂರಬಹುದಿತ್ತು ಎಂಬ ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ರಾಜಿ.

ನನ್ನ ಪಕ್ಷ ಹುಟ್ಟಿದ್ದು ಚಿತ್ರದುರ್ಗದ ಸೋದರಮಾವನ ಅಂಬಾಸಿಡರ್‌ನಿಂದ. ಚಳಿಗಾಲದ ಬೆಳಗ್ಗೆ ಬ್ಯಾಟರಿ ಕೈಕೊಟ್ಟರೆ ಮಾವ ಡಿಕ್ಕಿಯಿಂದ ಕಬ್ಬಿಣದ ಹ್ಯಾಂಡಲ್ ತೆಗೆದು, ಕಾರಿನ ಮುಂಭಾಗದ ತೂತಿಗೆ ತೂರಿಸಿ ತಿರುವುತ್ತಿದ್ದರು. ಕೋಟೆಯ ಊರಿನ ಮಕ್ಕಳಾದ ನಮಗೆ ಅದು ತೂತಲ್ಲ, ಓಬವ್ವನ ಕಿಂಡಿ. ಒನಕೆಯೂ ಕೈಯಲ್ಲೇ ಇತ್ತು. ಚಿತ್ತೂರಿನ ರಾಣಿ ಪದ್ಮಿನಿಯ ಹೆಸರನ್ನು ಕಾರಿಗೆ ಇಟ್ಟವರಿಗೆ ನಮ್ಮ ಓಬವ್ವ ನೆನಪಾಗದೆ ಹೋದಳಲ್ಲ ಎಂಬ ಸಣ್ಣ ಸಿಟ್ಟು ನನಗೆ ಈಗಲೂ ಇದೆ. "ಹೆಬ್ಬೆರಳು ಸುತ್ತಬೇಡ, ಉಳಿದ ಬೆರಳುಗಳ ಕಡೆಗೇ ಇರಲಿ" ಎನ್ನುತ್ತಿದ್ದರು ಮಾವ. ಎಂಜಿನ್ ಹಿಂದಕ್ಕೆ ಒದ್ದರೆ ಸುತ್ತಿದ ಹೆಬ್ಬೆರಳು ಹೋಗುತ್ತದೆ, ಕೆಲವೊಮ್ಮೆ ಮಣಿಕಟ್ಟೂ.

ಬೇಸಿಗೆಯಲ್ಲಿ ಬೇರೆಯೇ ಪಾಠ. ದಾವಣಗೆರೆಗೆ ಹೊರಟರೆ ಭರಮಸಾಗರದ ಆಸುಪಾಸಿನಲ್ಲಿ ಕಾರು ಕೆಮ್ಮಿ ನಿಲ್ಲುತ್ತಿತ್ತು. ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನೊಳಗೇ ಅದು ಬಿಸಿಗೆ ಆವಿಯಾಗಿ ದಾರಿ ಕಟ್ಟಿರುತ್ತಿತ್ತು. ಅತ್ತೆ ಮಾತಿಲ್ಲದೆ ಬುತ್ತಿ ಕಟ್ಟಿದ ಬಟ್ಟೆ ಬಿಚ್ಚಿ, ನೀರಿನಲ್ಲಿ ಅದ್ದಿ ಕೊಡುವರು. ಮಾವ ಅದನ್ನು ಜ್ವರದ ಹಣೆಗೆ ಹಾಕುವಂತೆ ಪಂಪಿನ ಮೇಲೆ ಹೊದಿಸುವರು. ಹತ್ತು ನಿಮಿಷ ಬೇವಿನ ನೆರಳು. ಆಮೇಲೆ ಪ್ರಯಾಣ. ರೊಟ್ಟಿಗೆ ಮಾತ್ರ ಪೆಟ್ರೋಲಿನ ವಾಸನೆ.

ಇದನ್ನೆಲ್ಲ ಕೇಳಿ ನಗುವವನು ನಾಲ್ಕನೆಯ ಗೆಳೆಯ. ಅವನು ವಾಂಕೆಲ್ ಎಂಬ, ಪಿಸ್ಟನ್ ಇಲ್ಲದ ಸುತ್ತುವ ಎಂಜಿನ್ನಿನ ಭಕ್ತ. ಅಂಥ ಎಂಜಿನ್ನಿನ ಸದ್ದನ್ನು ಅವನು ಮೊಬೈಲಿನಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿಲ್ಲ, ಭಕ್ತಿಗೆ ಅದರಿಂದ ಅಡ್ಡಿಯೇನೂ ಆಗಿಲ್ಲ. ಪಿಸ್ಟನ್ ಎಂದರೆ ಒನಕೆಯ ಜಾತಿ, ಮೇಲೆ ಹೋಗಿ ನಿಲ್ಲಬೇಕು, ಕೆಳಗೆ ಬಂದು ನಿಲ್ಲಬೇಕು, ನಡುಕ ಅಲ್ಲಿಂದಲೇ ಬರುವುದು ಎನ್ನುತ್ತಾನೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್‌ನದು ಗುಂಡುಕಲ್ಲಿನ ದಾರಿ: ಮೂರು ಮೂಲೆಯ ರೋಟರ್ ತಾನೂ ತಿರುಗುತ್ತ, ಗೂಡಿನ ಗೋಡೆಯನ್ನೂ ಸವರುತ್ತ ಸುತ್ತುತ್ತದೆ, ಒರಳಿನಲ್ಲಿ ಗುಂಡು ಸುತ್ತುವ ಹಾಗೆಯೇ. 1957ರಲ್ಲಿ ಓಡಿದ ಮೊದಲ ಮಾದರಿಯಲ್ಲಿ ಹೊರಗಿನ ಗೂಡೂ ತಿರುಗುತ್ತಿತ್ತಂತೆ, ಥೇಟ್ ನಮ್ಮ ವೆಟ್ ಗ್ರೈಂಡರ್. "ದೋಸೆಹಿಟ್ಟನ್ನು ಒನಕೆಯಲ್ಲಿ ಕುಟ್ಟುತ್ತಾರೇನ್ರೀ?" ಎಂದು ಅವನು ಕೇಳಿದರೆ, ತಟ್ಟೆ ಮುಂದಿಟ್ಟುಕೊಂಡ ನಾವು ಏನು ಹೇಳುವುದು?

ಮೇಷ್ಟರು ಹೇಳಿದರು. ಗುಂಡು ಸವೆದರೆ ಹಿಟ್ಟು ತರಿ ತರಿ. ಎನ್‌ಎಸ್‌ಯು ಎಂಬ ಜರ್ಮನ್ ಕಂಪನಿಯ 1967ರ ಆರ್‌ಒ 80 ಕಾರಿನಲ್ಲಿ ರೋಟರಿನ ಮೂಲೆಗಳ ಸೀಲುಗಳು ಬೇಗ ಸವೆದವು. ಖಾತರಿಯ ಮಾತಿಗೆ ಕಟ್ಟುಬಿದ್ದು ಎಂಜಿನ್ ಬದಲಿಸಿ ಕೊಡುವುದರಲ್ಲೇ ಕಂಪನಿ ಸುಸ್ತಾಗಿ ಹೋಯಿತು. ಗೆಳೆಯ ಜಗ್ಗಲಿಲ್ಲ. ಅವನಿಗೆ 1991 ಒಂದೇ ಸಾಕು. ಆ ವರ್ಷ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಕಾರು ಓಟವನ್ನು ಮಾಜ್ದಾ 787ಬಿ ನಾಲ್ಕು ರೋಟರಿನ ಎಂಜಿನ್ನಿನಿಂದ ಗೆದ್ದಿತು. ಅಲ್ಲಿ ಗೆದ್ದ ಮೊದಲ ಜಪಾನಿ ಕಾರು ಅದು.

ನಡುವೆ ನಾನು ಟ್ರಬಾಂಟ್ ಎಂಬ ಕಾರಿನ ಬಗ್ಗೆ ಹೇಳಲು ನೋಡಿದೆ. ಪೂರ್ವ ಜರ್ಮನಿಯವರು ತಗಡು ಸಾಲದೆ, ಹತ್ತಿಯ ತ್ಯಾಜ್ಯವನ್ನು ರಾಳದಲ್ಲಿ ಅದುಮಿ ಅದರ ಮೈ ಮಾಡಿದ್ದರು. ನಮ್ಮ ಗಿರಣಿಗಳ ಕಾಲದಲ್ಲಿ ಯಾರಿಗಾದರೂ ಇದು ಹೊಳೆದಿದ್ದರೆ ದಾವಣಗೆರೆಯ ಹೆಸರಿನಲ್ಲೂ ಒಂದು ಕಾರು ಇರುತ್ತಿತ್ತು. ಯಾರೂ ಕೇಳಿಸಿಕೊಳ್ಳಲಿಲ್ಲ, ಎರಡನೆಯ ದೋಸೆ ಬಂದಿತ್ತು.

ಮಾವನ ಕಾರು ಇನ್ನೂ ಅಂಗಳದಲ್ಲಿದೆ. ಗುಜರಿಯವನು ಮೂರು ಸಲ ಬಂದು ಮೂರು ಸಲವೂ ಕಾಫಿ ಕುಡಿದು ಹೋಗಿದ್ದಾನೆ. ಕಳೆದ ಆಯುಧಪೂಜೆಗೆ ನಾವು ನಾಲ್ವರೂ ಹೋಗಿದ್ದೆವು. ಅತ್ತೆ ಹ್ಯಾಂಡಲಿಗೂ ಕುಂಕುಮ ಹಚ್ಚಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಮಾವ ಹ್ಯಾಂಡಲ್ ತಿರುವಿದರು, ನಾನು ತಿರುವಿದೆ, ಮೇಷ್ಟರು ಹೆಬ್ಬೆರಳು ಜೋಪಾನ ಮಾಡಿಕೊಂಡು ತಿರುವಿದರು. ಒನಕೆ ಏಳಲಿಲ್ಲ. ನಿಂಬೆಹಣ್ಣಂತೂ ಒಡೆಯಲೇಬೇಕು. ಸೊಂಟನೋವಿನ ನೆಪ ಹೇಳಿ ವಾಂಕೆಲ್ ಭಕ್ತ ಸ್ಟೇರಿಂಗ್ ಹಿಡಿದು ಕುಳಿತ. ಉಳಿದವರು ತಳ್ಳಿದೆವು.