ಆಟ ರೈಸುವುದು

ಮಂಗಳೂರಿನ ಕಡೆ ರಾತ್ರಿಯಿಡೀ ಯಕ್ಷಗಾನ ನೋಡಿ, ಕಣ್ಣು ಕೆಂಪಾಗಿಸಿಕೊಂಡು ಬೆಳಗ್ಗೆ ಮನೆಗೆ ಮರಳಿದವರನ್ನು ‘ಯಾರು ಚೆನ್ನಾಗಿ ಕುಣಿದರು’ ಎಂದು ಯಾರೂ ಮೊದಲಿಗೆ ಕೇಳುವುದಿಲ್ಲ; ‘ಆಟ ರೈಸಿತಾ?’ ಎಂದೇ ಕೇಳುತ್ತಾರೆ. ಕಳೆಗಟ್ಟು ಎಂಬರ್ಥದ ಈ ‘ರೈಸು’ ಎಂಬುದು ರಂಜಿಸುವುದರಿಂದ ಬಂತೋ ರಾಜಿಸುವುದರಿಂದ ಬಂತೋ ಎಂಬ ಜಗಳವನ್ನು ಪಂಡಿತರಿಗೆ ಬಿಡುತ್ತೇನೆ. ನನ್ನ ಕುತೂಹಲವಿರುವುದು ಅದರ ವ್ಯಾಕರಣದಲ್ಲಿ. ರೈಸುವುದು ಆಟ, ಪದ ಅಥವಾ ವೇಷ. ಬೆವರು ಸುರಿಸಿದ ವೇಷಧಾರಿಗೆ ಆ ವಾಕ್ಯದ ಕರ್ತೃಸ್ಥಾನ ಸಿಗುವುದು ಅಪರೂಪ. ಶಾಲೆಯ ಗೋಡೆಯಿಂದ ಹಿಡಿದು ಕಂಪೆನಿಯ ಸಭೆಯವರೆಗೆ ಎಲ್ಲ ಕಡೆಯೂ ‘ನಿಮ್ಮ ಅತ್ಯುತ್ತಮವನ್ನು ತೋರಿಸಿ’ ಎಂಬ ಉಪದೇಶವೇ ಕೇಳಿಬರುವಾಗ, ಆ ಅತ್ಯುತ್ತಮವೆಂಬುದು ತೋರಿಸುವವನ ಕಿಸೆಯಲ್ಲಿಯೇ ಇರುತ್ತದೆಯೇ ಎಂಬ ಸಂಶಯವನ್ನು ನನ್ನಲ್ಲಿ ಹುಟ್ಟಿಸಿದ್ದು ಈ ಒಂದು ಕ್ರಿಯಾಪದ.

ಒಮ್ಮೆ ಬಾಕಿಮಾರು ಗದ್ದೆಯೊಂದರಲ್ಲಿ ದೇವಿ ಮಹಾತ್ಮೆಯ ಹರಕೆಯಾಟವಿದ್ದಾಗ ಪರಿಚಿತರೊಬ್ಬರ ಜೊತೆ ವೇಷ ಕಟ್ಟುವ ಚೌಕಿಯೊಳಗೆ ಹೋಗಿ ಮೂಲೆಯಲ್ಲಿ ಕುಳಿತಿದ್ದೆ. ಮಹಿಷಾಸುರನಾಗಬೇಕಿದ್ದ ಹಿರಿಯ ಕಲಾವಿದರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕನ್ನಡಿಗೆ ಮುಖವೊಡ್ಡಿ, ಅಕ್ಕಿಹಿಟ್ಟಿಗೆ ಸುಣ್ಣ ಬೆರೆಸಿ ಕಲಸಿದ್ದನ್ನು ಕಡ್ಡಿಯ ತುದಿಯಲ್ಲಿ ತೆಗೆದು ಕೆನ್ನೆಯ ಮೇಲೆ ಚಿಟ್ಟಿ ಎಂಬ ಉಬ್ಬುಚುಕ್ಕೆಗಳನ್ನು ಒಂದೊಂದಾಗಿ ಇಡುತ್ತಿದ್ದರು. ಇಟ್ಟದ್ದು ಒಣಗದೆ ಅದರ ಮೇಲೆ ಇನ್ನೊಂದನ್ನು ಇಡುವಂತಿಲ್ಲ. ಜೋರಾಗಿ ಮಾತನಾಡಿದರೆ ಕೆನ್ನೆ ಅಲುಗುತ್ತದೆ, ನಕ್ಕರಂತೂ ಒಂದು ಗಂಟೆಯ ಕೆಲಸ ಮಡಿಲಿಗೆ ಉದುರುತ್ತದೆ. ಹೊರಗೆ ಕಥೆ ಸಾಗುತ್ತಲೇ ಇತ್ತು, ಒಳಗೆ ಈ ಮನುಷ್ಯ ಜಗತ್ತಿನಲ್ಲಿ ಬೇರೆ ಕೆಲಸವೇ ಇಲ್ಲದವರಂತೆ ಚಿಟ್ಟಿಯ ಸಾಲುಗಳನ್ನು ಬೆಳೆಸುತ್ತಿದ್ದರು. ನವೆಂಬರಿನ ಹೊತ್ತಿಗೆ ಗೆಜ್ಜೆ ಕಟ್ಟಿ ತಿರುಗಾಟ ಹೊರಟ ಮೇಳ ಅದನ್ನು ಬಿಚ್ಚುವುದು ಮೇ 24ರ ಸುಮಾರಿಗೆ ಬರುವ ಪತ್ತನಾಜೆಯ ದಿನ. ಆ 6 ತಿಂಗಳು ಊರು ಬದಲಾಗುತ್ತದೆಯೇ ಹೊರತು ರಾತ್ರಿಯ ಕೆಲಸ ಬದಲಾಗುವುದಿಲ್ಲ. ಇಷ್ಟು ರಾತ್ರಿಗಳಲ್ಲಿ ನಿಮ್ಮ ಅತ್ಯುತ್ತಮ ವೇಷ ಯಾವ ಊರಿನಲ್ಲಿ ಆಯಿತು ಎಂದು ಕೇಳುವ ಮೂರ್ಖತನವನ್ನು ನಾನು ಮಾಡಿದೆ. ಅವರು ತುಟಿಯನ್ನೂ ಸರಿಯಾಗಿ ತೆರೆಯದೆ, ‘ಅದು ಚೆಂಡೆಯವರಲ್ಲಿ ಕೇಳ್ಬೇಕು ನೀವು’ ಎಂದರು.

ಮಾತು ತೇಲಿಸಿಬಿಟ್ಟರು ಎಂದುಕೊಂಡೆ. ನಡುರಾತ್ರಿ ಕಳೆದ ಮೇಲೆ, ಎರಚಿದ ರಾಳದ ಪುಡಿಗೆ ದೊಂದಿಗಳು ಭಗ್ಗನೆ ಉರಿದೇಳುತ್ತಿರುವಾಗ, ಪ್ರೇಕ್ಷಕರ ನಡುವಿನಿಂದ ಅವರು ರಂಗಸ್ಥಳದತ್ತ ಬರತೊಡಗಿದರು. ಹೆಜ್ಜೆಯನ್ನು ಕಂಡು ಚೆಂಡೆಯ ಪೆಟ್ಟು ಬೀಳುತ್ತಿದೆಯೋ, ಪೆಟ್ಟನ್ನು ಕೇಳಿ ಹೆಜ್ಜೆ ಬೀಳುತ್ತಿದೆಯೋ ಎಂದು ಎಷ್ಟು ದಿಟ್ಟಿಸಿದರೂ ನನಗೆ ಬಿಡಿಸಲಾಗಲಿಲ್ಲ. ಪಕ್ಕದಲ್ಲಿ ಚಾಪೆಯ ಮೇಲೆ ಮಲಗಿದ್ದ ಹುಡುಗನೊಬ್ಬ ಎದ್ದು ಅಜ್ಜಿಯ ಸೆರಗಿನೊಳಗೆ ಹೊಕ್ಕನು.

ಕೆಸರಿನಲ್ಲಿ ಕೋಣಗಳನ್ನು ಓಡಿಸುವ ಕಂಬಳದಲ್ಲಾದರೂ ಲೆಕ್ಕ ಖಚಿತವಾಗಿರಬೇಕಲ್ಲವೇ? ಅಲ್ಲಿ ಸೆಕೆಂಡಿನ ನೂರನೆಯ ಭಾಗವನ್ನೂ ಅಳೆಯುತ್ತಾರೆ. 2020ರ ಫೆಬ್ರವರಿ 1ರಂದು ಐಕಳದ ಕರೆಯಲ್ಲಿ, ಅಂದರೆ ಕೆಸರಿನ ಓಟದ ಹಾದಿಯಲ್ಲಿ, ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ ದೇಶವೇ ಕಾಗದ ಪೆನ್ಸಿಲು ಹಿಡಿಯಿತು. ಭಾಗಿಸಿ 100 ಮೀಟರಿಗೆ 9.55 ಸೆಕೆಂಡು ಎಂದು ಕಂಡುಹಿಡಿದು, ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಸ್ಥಾಪಿಸಿದ 9.58ರ ಪಕ್ಕದಲ್ಲಿ ಇಟ್ಟಿತು. ಬೋಲ್ಟ್ ಮುಂದೆ ಕೋಣಗಳಿರಲಿಲ್ಲವೆಂಬ ಸಣ್ಣ ವಿಷಯ ಹಲವರಿಗೆ ಹೊಳೆಯಲಿಲ್ಲ. ಗೌಡರಿಗೆ ಹೊಳೆದಿತ್ತು. ಯಶಸ್ಸು ಕೋಣಗಳಿಗೂ ಸಲ್ಲಬೇಕೆಂದರು. ಟ್ರ್ಯಾಕಿನ ಪರೀಕ್ಷೆಗೆ ಆಹ್ವಾನ ಬಂದಾಗ, ಕಂಬಳದ ಓಟ ಹಿಮ್ಮಡಿಯದು, ಟ್ರ್ಯಾಕಿನ ಓಟ ಕಾಲ್ಬೆರಳಿನದು ಎಂದು ವಿವರಿಸಿ ಒಪ್ಪಲಿಲ್ಲ. ಇದನ್ನು ಬರಿಯ ವಿನಯವೆಂದು ತಿಳಿದವರು ಕರೆಯ ಬದಿಯಲ್ಲಿ ನಿಂತು ಕೆಸರು ಸಿಡಿಸಿಕೊಂಡವರಲ್ಲ. ಕೋಣ ಎಳೆಯದೆ ಮನುಷ್ಯನಿಗೆ ಆ ವೇಗವಿಲ್ಲ. ಮನುಷ್ಯ ಬೆನ್ನಟ್ಟದೆ ಕೋಣ ಕರೆಯ ಕೊನೆಯ ಮಂಜೊಟ್ಟಿಯ ತನಕ ಹಾಗೆ ಓಡುವುದೂ ಇಲ್ಲ. ಅದೇ ಕಂಬಳದ ಕನೆಹಲಗೆ ವಿಭಾಗದಲ್ಲಿ ಸಮಯದ ಗೊಡವೆಯೇ ಇಲ್ಲ, ಕೋಣಗಳು ಎಳೆಯುವ ಹಲಗೆಯ ತೂತುಗಳಿಂದ ಚಿಮ್ಮಿದ ನೀರು ಆರೂವರೆ ಅಥವಾ ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯನ್ನು ಮುಟ್ಟಿದರಾಯಿತು. ನನಗೆ ಇಷ್ಟವಾದದ್ದೂ ಅದೇ.

ಇಷ್ಟೆಲ್ಲ ತಿಳಿದ ನಾನು ವೇಷ ಕಟ್ಟಿದಾಗ ಮಾತ್ರ ಲೆಕ್ಕಕ್ಕೇ ಬಿದ್ದೆ. ಊರಿನ ಹವ್ಯಾಸಿಗಳ ಆಟದಲ್ಲಿ ನನಗೆ ಅಭಿಮನ್ಯುವಿನ ಪಾತ್ರ ಸಿಕ್ಕಿತ್ತು. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನಲ್ಲಿ ಪುಂಡುವೇಷ, ಅಂದರೆ ತರುಣ ವೀರನ ಪಾತ್ರ, ಎಂದ ಮೇಲೆ ಗಾಳಿಯಲ್ಲಿ ಸುತ್ತುವ ದಿಗಿಣ ಹಾರಲೇಬೇಕು. ದಿಗಿಣಗಳು ಹೆಚ್ಚಿದಂತೆ ಶಿಳ್ಳೆಯೂ ಹೆಚ್ಚುತ್ತದೆ. ನಾನು ವೃತ್ತಿಯಿಂದ ಗಣಿತದ ಮೇಷ್ಟ್ರು. 3 ತಿಂಗಳು ಮನೆಯ ಅಂಗಳದಲ್ಲಿ ಅಡಿಕೆ ಒಣಹಾಕಲೂ ಜಾಗ ಬಿಡದೆ ಹಾರಿ, 40 ದಿಗಿಣಗಳ ಗುರಿ ಇಟ್ಟುಕೊಂಡಿದ್ದೆ. ಆ ರಾತ್ರಿ ಹಾರತೊಡಗಿದವನು ಮನಸ್ಸಿನೊಳಗೆ ಎಣಿಸುತ್ತಾ ಹೋದೆ. ಇಪ್ಪತ್ತೆಂಟು ದಾಟುವಾಗ ಕಿವಿಯಲ್ಲಿ ನನ್ನ ಸಂಖ್ಯೆಯ ಹೊರತು ಬೇರೇನೂ ಉಳಿದಿರಲಿಲ್ಲ. ಚೆಂಡೆಯವರು ನನ್ನನ್ನು ಹಿಡಿಯಲು ಲಯವನ್ನು ಸ್ವಲ್ಪ ಎಳೆದರು, ಸ್ವಲ್ಪ ಸಡಿಲಿಸಿದರು, ಪದ ಹಾಡುವ ಭಾಗವತರು ಜಾಗಟೆಯನ್ನು ಗಟ್ಟಿಯಾಗಿ ಬಾರಿಸಿ ಎಚ್ಚರಿಸಿದರು. ನಾನು ನಿಂತದ್ದು 40ಕ್ಕೆ. ತಾಳ ಅದಕ್ಕೂ ಬಹಳ ಮೊದಲೇ ಮುಕ್ತಾಯಗೊಂಡು ನನಗಾಗಿ ಕಾಯುತ್ತಿತ್ತು. ಶಿಳ್ಳೆಯೇನೋ ಬಿತ್ತು, ನನ್ನ ಶಾಲೆಯ ಮಕ್ಕಳದ್ದು.

ಆಟ ಮುಗಿದು ಚೌಕಿಯಲ್ಲಿ ಕುಳಿತಿದ್ದಾಗ ಭಾಗವತರು ಬಂದು ಬೆನ್ನು ತಟ್ಟಿದರು. ‘ನೀವು ಹಾರಿದ್ದು ಭಾರೀ ಲಾಯ್ಕಾಯ್ತು ಮಾಷ್ಟ್ರೇ’ ಎಂದು ಹೇಳಿ, ಬಾಯಿಯ ವೀಳ್ಯವನ್ನು ಒಂದು ಕಡೆಗೆ ಸರಿಸಿಕೊಂಡು, ‘ಆದ್ರೆ ಆಟ ರೈಸ್ಲಿಲ್ಲ ಮಾರಾಯ್ರೇ’ ಎಂದರು. ನಾನು ಹೌದೆಂದು ತಲೆಯಾಡಿಸಿ ಮುಖದ ಬಣ್ಣಕ್ಕೆ ತೆಂಗಿನೆಣ್ಣೆ ಹಚ್ಚಿ ಒರೆಸತೊಡಗಿದೆ. ಕನ್ನಡಿಯಲ್ಲಿ ಒಂದು ಕೆನ್ನೆ ಇನ್ನೂ ಅಭಿಮನ್ಯುವಿನದಾಗಿಯೇ ಇತ್ತು. ಒರೆಸಿದ ಇನ್ನೊಂದು ಕೆನ್ನೆಯವನು, ಕೊನೆಯ ಹತ್ತರಲ್ಲಿ ಎರಡನ್ನು ಎರಡೆರಡು ಸಲ ಎಣಿಸಿರಬಹುದೇ ಎಂದು ಯೋಚಿಸುತ್ತಿದ್ದನು.