ಮಾಲೂರಿನ ಇಟ್ಟಿಗೆ, ಎರ್ಫರ್ಟಿನ ಮರದ ತುಂಡು

ಇಟ್ಟಿಗೆ, ಹೆಂಚಿಗೆ ಹೆಸರಾದ ಊರು ನಮ್ಮ ಮಾಲೂರು. ಅಂಥ ಊರಲ್ಲೂ ಮಕ್ಕಳ ಕೈಗೆ ಬ್ಲಾಕ್ಸ್ ಕೊಟ್ಟು ಸುಮ್ನೆ ಬಿಡೋದು ಅಂದ್ರೆ ದೊಡ್ಡವರಿಗೆ ಯಾಕೋ ಭಯ.

ನಾನೀಗ ಇರುವುದು ಜರ್ಮನಿಯ ಎರ್ಫರ್ಟಿನಲ್ಲಿ. ಕಿಂಡರ್‌ಗಾರ್ಟನ್ ಹುಟ್ಟಿದ ಸೀಮೆ ಇದು. ಅದನ್ನು ಹುಟ್ಟುಹಾಕಿದ ಶಿಕ್ಷಣತಜ್ಞ ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಇಲ್ಲೇ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಪುಟ್ಟ ಮಕ್ಕಳ ಆಟದ ಸಾಮಾನು ತಯಾರಿಸಲು ಶುರು ಮಾಡಿದ. ಅದರಲ್ಲೊಂದು ಪೆಟ್ಟಿಗೆಯಲ್ಲಿ ಎಂಟು ಮರದ ತುಂಡುಗಳು. ಪ್ರತಿಯೊಂದೂ 2 ಇಂಚು ಉದ್ದ, 1 ಇಂಚು ಅಗಲ, ಅರ್ಧ ಇಂಚು ದಪ್ಪ. ನಮ್ಮ ಗೂಡಿನ ಇಟ್ಟಿಗೆಯ ಮರಿ ಅಂತಲೇ ಅನ್ನಿ.

ಮಗಳ ಶಾಲೆಯಲ್ಲಿ ಕಟ್ಟೋಕೆ ಅಂತಲೇ ಒಂದು ಮೂಲೆ ಇದೆ. ಒಂದು ದಿನ ಕರೆತರಲು ಹೋದಾಗ ಗೋಡೆ ಕಟ್ಟುತ್ತಿದ್ದಳು. ಸಂದಿನ ಮೇಲೆ ಸಂದು ಬಂದು, ಮೊಣಕೈ ತಾಗಿದ್ದೇ ಗೋಡೆ ಸೀಳಿಕೊಂಡು ಬಿತ್ತು. ಟೀಚರ್ ಪಕ್ಕದಲ್ಲೇ ಕೂತಿದ್ದರು, ತುಟಿ ಬಿಚ್ಚಲಿಲ್ಲ. ಇನ್ನೊಂದು ಸಲ ಬಿತ್ತು. ಮೂರನೇ ಸಲ ಕೆಳಗಿನ ಎರಡು ತುಂಡುಗಳ ಸಂದಿನ ಮೇಲೆ ಒಂದು ತುಂಡು ಅಡ್ಡ ಇಟ್ಟಳು. ನಮ್ಮೂರ ಗಾರೆ ಮೇಸ್ತ್ರಿ ಹೊಸ ಹುಡುಗನಿಗೆ ಮೊದಲ ದಿನ ಹೇಳಿಕೊಡೋದು ಇದನ್ನೇ ಅಲ್ವಾ? ಸಂಜೆ ಯಾರೂ ಅದನ್ನು ಕೆಡವಲಿಲ್ಲ. ಸುತ್ತಲೂ ಗುಡಿಸಿದರು, ಅಷ್ಟೇ.

ಮಾಲೂರಿನಲ್ಲಿ ಅಕ್ಕನ ಮಗ ಹೋಗುವ ಶಾಲೆಯಲ್ಲೂ ಬ್ಲಾಕ್ಸ್ ಇವೆ, ಬೀರು ಮೇಲೆ. ವಾರಕ್ಕೊಮ್ಮೆ ಇಳಿಯುತ್ತವೆ. ಬೋರ್ಡಲ್ಲಿ ತೋರಿಸಿದ ಹಾಗೇ ಜೋಡಿಸಬೇಕು. "ಕಲರ್ ತಪ್ಪಿದ್ರೆ ಮಿಸ್ ಬಯ್ತಾರೆ ಮಾಮ" ಅಂದ. ಮಿಸ್ಸನ್ನು ದೂರಿ ಏನು ಬಂತು? ಒಂದೇ ರೂಮು, ರೂಮಿನ ತುಂಬಾ ಮಕ್ಕಳು, ಒಂದು ತುಂಡು ಕಳೆದರೂ ಲೆಕ್ಕ ಕೊಡಬೇಕಾದವರು ಅವರೇ.

ಇಲ್ಲಿನವರೂ ಏನೂ ಕಮ್ಮಿಯಿಲ್ಲ. ಹುಟ್ಟುಹಬ್ಬಕ್ಕೆ ದುಬಾರಿ ಲೆಗೋ ಡಬ್ಬ ತರುತ್ತಾರೆ, ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಇಟ್ಟಿಗೆಗಳು. ಪುಸ್ತಕ ನೋಡಿ ಅಪ್ಪನೇ ಜೋಡಿಸಿ ಶೋಕೇಸಿಗೆ ಇಡುತ್ತಾನೆ. ಡೆನ್ಮಾರ್ಕಿನ ಆ ಕಂಪನಿ 1958ರಲ್ಲಿ ಪೇಟೆಂಟಿಗೆ ಹಾಕಿದ ಇಟ್ಟಿಗೆ ಇವತ್ತಿನದಕ್ಕೂ ಕೂರುತ್ತದೆ. ಮೇಲೆ ಎಂಟು ಗುಬುಟು ಇರುವ, ಒಂದೇ ಬಣ್ಣದ ಆರೇ ಆರು ಇಟ್ಟಿಗೆಗಳನ್ನು 91 ಕೋಟಿಗೂ ಜಾಸ್ತಿ ಬಗೆಯಲ್ಲಿ ಜೋಡಿಸಬಹುದು. ಇಷ್ಟೆಲ್ಲ ಇಟ್ಟುಕೊಂಡು ಡಬ್ಬದ ಮೇಲಿನ ಒಂದೇ ಚಿತ್ರಕ್ಕೆ ಅಂಟಿಕೊಂಡರೆ ಹೇಗೆ?

ನನ್ನ ಕೇಳಿದರೆ ಬ್ರ್ಯಾಂಡು ಮುಖ್ಯ ಅಲ್ಲ. ಒಂದೇ ಅಳತೆಯ ತುಂಡುಗಳು ಜಾಸ್ತಿ ಇರಬೇಕು, ಕಟ್ಟಿದ್ದು ನಾಳೆಯವರೆಗೂ ನಿಂತಿರಬೇಕು. ಬಡಗಿ ಹತ್ತಿರ ಉಳಿದ ಮರ ಕೊಯ್ಸಿ, ಅಂಚಿಗೆ ಉಪ್ಪುಕಾಗದ ಉಜ್ಜಿಸಿದರೂ ಸಾಕು. ಮೂರು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಬಾಯಲ್ಲಿ ಹಿಡಿಯದಷ್ಟು ದೊಡ್ಡದಿರಲಿ. ಬಣ್ಣವೂ ಬೇಡ.

ಅಕ್ಕನಿಗೆ ಇದನ್ನೇ ಹೇಳಿದೆ. "ಮನೆ ತುಂಬಾ ಹರಡ್ತಾನೆ ಕಣೋ, ಗುಡಿಸೋರು ಯಾರು?" ಅಂದಳು. ಹಾಲ್‌ನಲ್ಲಿ ಒಂದು ಮೂಲೆ ಬಿಟ್ಟು ಗುಡಿಸು ಅಂದೆ. ಟಿವಿ ಸ್ಟ್ಯಾಂಡ್ ಸರಿಸಿದರೆ ಜಾಗ ಆಗುತ್ತಂತೆ, ಭಾವನನ್ನು ಕೇಳಬೇಕಂತೆ.