ಆ ಕೆಸರು ಹಾಗೇ ಇರಲಿ

ನಿನ್ನೆ ಇಡೀ ದಿನ ಪಾಲೊ ಆಲ್ಟೊ ಬೇಲ್ಯಾಂಡ್ಸ್‌ನಲ್ಲಿದ್ದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೊಲ್ಲಿಯ ಅಂಚಿಗಿರುವ ಜೌಗು ಅದು. ಮಗಳ ಮನೆಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ. ರಾತ್ರಿ ಊಟಕ್ಕೆ ಬಂದಿದ್ದ ಅವಳ ಸ್ನೇಹಿತನೊಬ್ಬ ಕೇಳಿದ, "ಅಲ್ಲೇನಿದೆ ಆಂಟಿ? ಬರೀ ಕೆಸರು, ವಾಸನೆ ಬೇರೆ. ಗೋಲ್ಡನ್ ಗೇಟ್ ಸೇತುವೆ ಕಡೆ ಹೋಗಬಹುದಿತ್ತಲ್ಲ?" ಒಳ್ಳೆಯ ಹುಡುಗ, ಕಾಳಜಿಯಿಂದಲೇ ಹೇಳಿದ್ದು. ಆದರೆ ಆ 'ಬರೀ ಕೆಸರು' ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ನಮ್ಮೂರಲ್ಲಿ ಇದೇ ಮಾತು ಕೇಳಿ ಕೇಳಿ ಸಾಕಾಗಿದೆ. ಬೆಳಿಗ್ಗೆ ಕಾಫಿ ಕುಡಿದವಳೇ ಇದನ್ನು ಬರೆಯೋಕೆ ಕೂತಿದ್ದೇನೆ.

ನಿನ್ನೆಯೇ ಹೋಗಬೇಕು ಅಂತ ಹಟ ಹಿಡಿದಿದ್ದಕ್ಕೆ ಕಾರಣ ಇತ್ತು. ಡಿಸೆಂಬರ್, ಜನವರಿಯಲ್ಲಿ ಕೆಲವೇ ದಿನ ಇಲ್ಲಿ ಉಬ್ಬರ ತುಂಬಾ ಎತ್ತರಕ್ಕೆ ಏರುತ್ತದೆ. ಕಿಂಗ್ ಟೈಡ್ ಅನ್ನುತ್ತಾರೆ. ಆಗ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ನೀರು ಜೌಗಿನ ಹುಲ್ಲನ್ನೆಲ್ಲ ಮುಳುಗಿಸುತ್ತದೆ. ವರ್ಷವಿಡೀ ಹುಲ್ಲಿನೊಳಗೇ ಅಡಗಿರುವ ಹಕ್ಕಿಗಳು ಬೇರೆ ದಾರಿಯಿಲ್ಲದೆ ಅಂಚಿಗೆ ಬರುತ್ತವೆ. ಮರದ ಹಲಗೆಯ ದಾರಿಯ ಮೇಲೆ ನಾವು ಒಂದಷ್ಟು ಜನ ಬೈನಾಕ್ಯುಲರ್ ಹಿಡಿದು ನಿಂತಿದ್ದೆವು. ಯಾರೂ ಮಾತಾಡುತ್ತಿರಲಿಲ್ಲ. ಪಕ್ಕದ ವಿಮಾನ ನಿಲ್ದಾಣದಿಂದ ಪುಟ್ಟ ವಿಮಾನಗಳು ಹಾರುವ ಸದ್ದು ಮಾತ್ರ.

ಹನ್ನೊಂದು ಗಂಟೆ ದಾಟಿತ್ತು. ಬಂತು ನೋಡಿ, ರಿಡ್ಜ್‌ವೇಸ್ ರೈಲ್ ಅನ್ನುವ ಹಕ್ಕಿ! ನಮ್ಮ ಹುಂಡುಕೋಳಿಯ ಕುಟುಂಬದ್ದೇ, ಅದಕ್ಕಿಂತ ದೊಡ್ಡದು. ದಾಲ್ಚಿನ್ನಿ ಬಣ್ಣದ ಎದೆ, ಉದ್ದ ಕೊಕ್ಕು, ಪಕ್ಕೆಯಲ್ಲಿ ಬಿಳಿ ಗೆರೆ. ತೇಲುತ್ತಿದ್ದ ಹುಲ್ಲಿನ ಕಂತೆಯ ಮೇಲೆ ತಲೆ ತಗ್ಗಿಸಿ ಕೂತಿತ್ತು. ಆಚೆ ಒಂದು ದೊಡ್ಡ ಬೆಳ್ಳಕ್ಕಿ ನೀರಿನಿಂದ ತಪ್ಪಿಸಿಕೊಳ್ಳುತ್ತಿದ್ದ ಇಲಿಯೊಂದನ್ನು ಎತ್ತಿ ನುಂಗಿತು. ಇಲ್ಲಿನ ಈ ರೈಲ್ ಉಪಜಾತಿ ಅಮೆರಿಕದ ಅಳಿವಿನಂಚಿನ ಪಟ್ಟಿಗೆ ಸೇರಿದ್ದು 1970ರಲ್ಲಿ. ಅದಕ್ಕೆ ಈಗ ಉಳಿದಿರುವ ನೆಲೆ ಈ ಕೊಲ್ಲಿಯ ಸುತ್ತಲಿನ ಜೌಗು ಮಾತ್ರ. ನನ್ನ ಕಣ್ಣಲ್ಲಿ ನೀರು ಬಂತು. ಮೂವತ್ತು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು. ಆದರೂ 'ನೆಲೆ' ಅನ್ನುವ ಪದದ ತೂಕ ಗೊತ್ತಾಗಿದ್ದು ನಿನ್ನೆ, ಆ ಹಕ್ಕಿಗೆ ಕಾಲಿಡೋಕೆ ಜಾಗ ಇಲ್ಲದ್ದನ್ನು ಕಂಡಾಗ.

ಮಧ್ಯಾಹ್ನ ಚಿತ್ರಾನ್ನ ತಿಂದು ಮತ್ತೆ ಹೋದೆವು. ನೀರು ಇಳಿಯುತ್ತಿತ್ತು. ಕೆಸರು ಮೇಲೆದ್ದಿತು, ಹೊಳೆಯುವ ಕಂದು ಕೆಸರು. ಅದರ ಜೊತೆಗೇ ಹಕ್ಕಿಗಳು ಬಂದವು, ಸಾವಿರಾರು. ಚಿಕ್ಕ ಗೊರವಗಳು ಮೇಲಿನ ಪದರವನ್ನೇ ಕುಟುಕುತ್ತಾ ಓಡಾಡುತ್ತವೆ. ಗಾಡ್ವಿಟ್ ಉದ್ದ ಕೊಕ್ಕನ್ನು ಬುಡದವರೆಗೆ ಊರಿ ಹುಳು ಎಳೆಯುತ್ತದೆ. ಅವೊಸೆಟ್ ಮೇಲಕ್ಕೆ ಬಾಗಿದ ಕೊಕ್ಕನ್ನು ಕುಡುಗೋಲಿನಂತೆ ಅತ್ತಿತ್ತ ಬೀಸುತ್ತದೆ. ಒಂದೇ ಕೆಸರು, ಒಬ್ಬೊಬ್ಬರಿಗೆ ಒಂದೊಂದು ಆಳದಲ್ಲಿ ಊಟ. ಆಮೇಲೆ ಸೌಟಿನಂಥ ಕೊಕ್ಕಿನ ಶೋವೆಲರ್ ಬಾತು ಕಂಡಿತು. ಸೂಜಿಬಾಲದ ಬಾತೂ ಇತ್ತು. ಈ ಎರಡೂ ಜಾತಿ ಚಳಿಗಾಲದಲ್ಲಿ ನಮ್ಮ ಕೆರೆಗಳಿಗೂ ಬರುತ್ತವೆ. ಭೂಮಿಯ ಆಚೆ ತುದಿಯಲ್ಲಿ ನಮ್ಮ ಕೆರೆಯ ನೆಂಟರನ್ನು ಕಂಡ ಹಾಗಾಯಿತು.

ಬರೀ ಕೆಸರಂತೆ!

ಇಲ್ಲಿನವರೂ ಮೊದಲು ಹಾಗೇ ಅಂದುಕೊಂಡಿದ್ದರು. ಕೊಲ್ಲಿಯ ಅಂಚಿಗೆ ಕಸ ಸುರಿದರು, ಮಣ್ಣು ತುಂಬಿದರು, ಏರಿ ಕಟ್ಟಿ ಉಪ್ಪಿನ ಮಡಿ ಮಾಡಿದರು. ಹಳೆಯ ಜೌಗಿನ ಬಹುಪಾಲು ಹಾಗೇ ಹೋಯಿತು. 1961ರಲ್ಲಿ ಇಲ್ಲಿನ ಬರ್ಕ್ಲಿ ಊರಿನ ಮೂವರು ಹೆಂಗಸರು, ಕೇ ಕೆರ್, ಸಿಲ್ವಿಯಾ ಮೆಕ್‌ಲಾಫ್ಲಿನ್, ಎಸ್ತರ್ ಗುಲಿಕ್, ಇನ್ನು ತುಂಬಬೇಡಿ ಅಂತ ಎದ್ದು ನಿಂತರು. ಒಂದು ಡಾಲರ್ ಚಂದಾ ಇಟ್ಟು ಜನರನ್ನು ಸೇರಿಸಿದರು. 2003ರಲ್ಲಿ ಸುಮಾರು 15,000 ಎಕರೆ ಉಪ್ಪಿನ ಮಡಿಗಳನ್ನು ಸರ್ಕಾರವೇ ಕೊಂಡಿತು. ಎಷ್ಟೋ ಕಡೆ ಏರಿ ಒಡೆದು ಸಮುದ್ರದ ನೀರನ್ನು ವಾಪಸ್ ಬಿಟ್ಟರು, ಇನ್ನು ಕೆಲವನ್ನು ಹಕ್ಕಿಗಳಿಗಾಗಿಯೇ ಕೊಳವಾಗಿ ಉಳಿಸಿದರು. 2016ರಲ್ಲಿ ಕೊಲ್ಲಿಯ ಸುತ್ತಲಿನ ಒಂಬತ್ತು ಕೌಂಟಿಗಳ (ನಮ್ಮ ಜಿಲ್ಲೆಗಳ ಹಾಗೆ) ಜನ ಮತ ಹಾಕಿ, ಪ್ರತಿ ಆಸ್ತಿಗೆ ವರ್ಷಕ್ಕೆ 12 ಡಾಲರ್ ತೆರಿಗೆಯನ್ನು ತಾವೇ ಹೇರಿಕೊಂಡರು. ಮಗಳೂ ಕಟ್ಟುತ್ತಾಳೆ. ಜೌಗನ್ನು, ಕೆಸರನ್ನು ವಾಪಸ್ ತರೋಕೆ ತೆರಿಗೆ!

ಈಗ ನಮ್ಮ ಕೆರೆ. ನಿಮಗೆಲ್ಲ ಗೊತ್ತು ಅಲ್ವಾ, ನಮ್ಮ ಮನೆ ಹಿಂದಿನದು. ಪೂರ್ವದ ದಂಡೆಯಲ್ಲಿ ಮೊಣಕಾಲುದ್ದ ನೀರು, ಜೊಂಡು, ಕೆಸರು. ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಗಳು ಅಲ್ಲೇ ಮೊಟ್ಟೆ ಇಡುತ್ತಿದ್ದವು. 'ಅಭಿವೃದ್ಧಿ' ಬಂತು. ಜೆಸಿಬಿ ಇಳಿಸಿ ಒಂದೇ ಸಮ ಆಳ ಮಾಡಿದರು. ಸುತ್ತ ಕಲ್ಲು ಕಟ್ಟಿದರು, ಟೈಲ್ಸ್ ಹಾಕಿದರು, ರಾತ್ರಿಯಿಡೀ ಉರಿಯುವ ದೀಪ ನಿಲ್ಲಿಸಿದರು. ಈಗ ಅದು ಸಾರಿನ ಬಟ್ಟಲು. ಅಂಚಿನಲ್ಲೇ ಆಳ. ಮೆಟ್ಟುಗಾಲು ಹಕ್ಕಿ ಎಲ್ಲಿ ನಿಲ್ಲಬೇಕು? ಅದರ ಕಾಲು ಎಷ್ಟುದ್ದ ಇದ್ದೀತು?

ಒಂದು ಮಾತು ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. ಆ ಕೆಲಸ ಮಾಡಿಸಿ ಅಂತ ಬಡಾವಣೆಯಿಂದ ಹೋದ ಅರ್ಜಿಗೆ ನಾನೂ ಸಹಿ ಹಾಕಿದ್ದೆ. ವಾಕಿಂಗ್‌ಗೆ ದಾರಿ ಆಗುತ್ತದೆ ಅಂತ ಖುಷಿಪಟ್ಟಿದ್ದೆ. ನಕ್ಷೆ ಕೇಳಲಿಲ್ಲ, ದಂಡೆ ಏನಾಗುತ್ತದೆ ಅಂತ ಕೇಳಲಿಲ್ಲ. ಮರುವರ್ಷ ಮೆಟ್ಟುಗಾಲು ಹಕ್ಕಿ ಬರಲಿಲ್ಲ. ಆ ಸಹಿ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

"ಹೂಳು ತೆಗೆಯದಿದ್ದರೆ ಕೆರೆ ಉಳಿಯುತ್ತಾ?" ಅಂತ ಕೇಳುತ್ತೀರಿ. ತೆಗೆಯಲೇಬೇಕು. ನಮ್ಮಜ್ಜ ಬೇಸಿಗೆಯಲ್ಲಿ ಗಾಡಿ ಕಟ್ಟಿಕೊಂಡು ಕೆರೆಗೋಡು ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಆದರೆ ಅವರ ಕಾಲದಲ್ಲಿ ದಂಡೆ ಇಳಿಜಾರಾಗೇ ಇತ್ತು. ದನ ಇಳಿದು ನೀರು ಕುಡಿಯುತ್ತಿದ್ದವು, ಹಕ್ಕಿಯೂ ಇಳಿಯುತ್ತಿತ್ತು. "ಅಮೆರಿಕದವರ ಹತ್ತಿರ ದುಡ್ಡಿದೆ" ಅನ್ನುವುದನ್ನಂತೂ ನಾನು ಒಪ್ಪುವುದೇ ಇಲ್ಲ. ದುಡ್ಡು ಖರ್ಚಾಗುವುದು ಕೆಡಿಸಿ ಆಮೇಲೆ ಸರಿಮಾಡೋಕೆ. ಒಂದು ಅಂಚನ್ನು ಸುಮ್ನೆ ಬಿಡೋಕೆ ಏನು ಖರ್ಚು? ಕುಮಟಾದ ಕಡೆ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಅದೇ ಕೆಸರಿಗೆ ಇಳಿದು ಚಿಪ್ಪಿ ಹೆಕ್ಕುತ್ತಾರೆ, ಮನೆ ನಡೆಸುತ್ತಾರೆ. 2024ರಲ್ಲಿ ಆ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಅವರಿಗೆ ಹೇಳಿ ನೋಡೋಣ, ಬರೀ ಕೆಸರು ಅಂತ.

ಫೆಬ್ರವರಿಯಲ್ಲಿ ವಾಪಸ್ ಬರುತ್ತೇನೆ. ನಮ್ಮ ಕೆರೆಯ ಎರಡನೇ ಹಂತದ ಕೆಲಸ ಆಗ ಶುರುವಂತೆ, ಉಳಿದಿರುವ ದಕ್ಷಿಣದ ಮೂಲೆಗೂ ಕಲ್ಲು ಕಟ್ಟುತ್ತಾರಂತೆ. ಈ ಸಲ ನಕ್ಷೆ ಕೇಳುತ್ತೇನೆ. ಪೂರ್ವದ ದಂಡೆಯ ಹಳೆಯ ಫೋಟೋ ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ಕಳಿಸಿ. ಮದುವೆ ಫೋಟೋದ ಹಿಂದೆ ಕೆರೆ ಕಂಡರೂ ಸಾಕು. ಜೊಂಡು ಎಲ್ಲಿವರೆಗೆ ಇತ್ತು ಅಂತ ತೋರಿಸಬೇಕು.